ರದ್ದಿಯಲ್ಲಿ ಸಿಕ್ಕ ಡ್ರ್ಯಾಗನ್

ಹಳೆಯ ಕಾಗದದ ಮೇಲೆ ನಮಗಿರುವ ಮೋಹ ನಮ್ಮ ಮನೆಯವರಿಗೆ ಹೊಸದಲ್ಲ. ವಾರವಿಡೀ ಕಚೇರಿಯಲ್ಲಿ ಫೈಲುಗಳ ಧೂಳು ಕುಡಿದು ಬಂದವರು ಭಾನುವಾರ ಒಂದು ದಿನವಾದರೂ ಮನೆಯಲ್ಲಿ ಸುಮ್ಮನಿರಬಾರದೇ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೂ ದಿಲ್ಲಿಯ ಭಾನುವಾರದ ಪುಸ್ತಕದ ಸಂತೆಯ ಸೆಳೆತವನ್ನು ಬಲ್ಲವರೇ ಬಲ್ಲರು. ದರಿಯಾಗಂಜದ ಕಾಲುದಾರಿಯ ಮೇಲೆ ದಶಕಗಳ ಕಾಲ ನಡೆದ ಈ ಸಂತೆ ೨೦೧೯ರಲ್ಲಿ ಮಹಿಳಾ ಹಾಟ್‌ಗೆ ಸ್ಥಳಾಂತರವಾಯಿತು. ಸ್ಥಳ ಬದಲಾಯಿತೇ ಹೊರತು ನಮ್ಮ ಚಾಳಿ ಬದಲಾಗಲಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ಅಲ್ಲಿ ಹುರಿ ಕಟ್ಟಿದ್ದ ಹನ್ನೊಂದು ಇಂಗ್ಲಿಷ್ ಮಾಸಪತ್ರಿಕೆಗಳ ಕಟ್ಟೊಂದು ಕಣ್ಣಿಗೆ ಬಿತ್ತು. ಹೆಸರು 'ಡ್ರ್ಯಾಗನ್'. ಎಲ್ಲವೂ ೧೯೮೩ರಿಂದ ೧೯೮೮ರವರೆಗಿನವು. ಮುಖಪುಟದ ಮೇಲೆ ರೆಕ್ಕೆಯ ಮಹಾಸರ್ಪಗಳು, ಗಡ್ಡದ ಮಂತ್ರವಾದಿಗಳು, ಕತ್ತಿ ಹಿರಿದ ವೀರರು. ಇನ್ನೂರು ರೂಪಾಯಿಗೆ ಕೊಂಡು ಕಂಕುಳಲ್ಲಿಟ್ಟುಕೊಂಡು ಬಂದೆವು. ಮನೆಯವರು ಮುಖಪುಟ ನೋಡಿ, "ಇದೇನು, ಮಾಟಮಂತ್ರದ ಪುಸ್ತಕವೇ?" ಎಂದರು. ಈ ಪ್ರಶ್ನೆಯನ್ನು ಅಮೆರಿಕದ ತಾಯಂದಿರೂ ಕೇಳಿದ್ದರು. ಆ ಮಾತು ಮುಂದೆ ಬರುತ್ತದೆ.

ಇದು ಮಂತ್ರದ ಪತ್ರಿಕೆಯಲ್ಲ, ಆಟದ ಪತ್ರಿಕೆ. ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ನೆಲಮಾಳಿಗೆಗಳು ಮತ್ತು ಡ್ರ್ಯಾಗನ್‌ಗಳು ಎಂದರ್ಥ. ನಾಲ್ಕಾರು ಜನ ಒಂದು ಮೇಜಿನ ಸುತ್ತ ಕುಳಿತು ಆಡುವ ಆಟವಿದು. ಒಬ್ಬ ಆಟ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಪುರೋಹಿತ, ಒಬ್ಬ ಕಳ್ಳ. ಬಲ, ಬುದ್ಧಿ ಮೊದಲಾದ ಆರು ಗುಣಗಳಿಗೆ ದಾಳ ಹಾಕಿ ೩ರಿಂದ ೧೮ರವರೆಗೆ ಅಂಕ ಕೊಟ್ಟುಕೊಳ್ಳುತ್ತಾರೆ. "ಎದುರಿಗೆ ಕತ್ತಲೆಯ ಗುಹೆ, ಒಳಗಿನಿಂದ ನೀರು ತೊಟ್ಟಿಕ್ಕುವ ಸದ್ದು. ಏನು ಮಾಡುತ್ತೀರಿ?" ಎಂದು ನಡೆಸುವವನು ಕೇಳುತ್ತಾನೆ. ಆಡುವವರು ಹೇಳುತ್ತಾರೆ. ಹೇಳಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ದಾಳವೆಂದರೆ ಆರು ಮುಖದ್ದೊಂದೇ ಅಲ್ಲ. ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದವೂ ಇವೆ.

ನಮ್ಮ ಉತ್ತರ ಕನ್ನಡದ ಕಡೆಯವರಿಗೆ ಇದನ್ನು ತಿಳಿಸಲು ಕಷ್ಟವಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ. ಬರೆದುಕೊಂಡು ಬಾರದ ಮಾತನ್ನು ಆ ಕ್ಷಣಕ್ಕೆ ಹುಟ್ಟಿಸಿ ಆಡುತ್ತಾರೆ. ಭಾಗವತರು ಪ್ರಸಂಗವನ್ನು ಮುಂದಕ್ಕೆ ನಡೆಸುತ್ತಾರೆ. ಈ ಆಟವೂ ಅಂಥದೇ. ಒಂದು ವ್ಯತ್ಯಾಸವುಂಟು. ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಲಿ, ಕರ್ಣ ಸಾಯಲೇಬೇಕು. ಇಲ್ಲಿ ಕರ್ಣ ಬದುಕಿದರೂ ಬದುಕಬಹುದು. ದಾಳ ಬೀಳುವವರೆಗೆ ಯಾರಿಗೂ ಗೊತ್ತಿಲ್ಲ.

ಆಟ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿದೆ. ಅಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪನಿಯ ನೌಕರ. ಕೆಲಸ ಹೋದ ಮೇಲೆ ಮನೆಯಲ್ಲೇ ಜೋಡು ರಿಪೇರಿ ಮಾಡುತ್ತ ಸಂಸಾರ ಸಾಗಿಸಿದವನು. ಸೀಸದ ಸಿಪಾಯಿಗಳನ್ನಿಟ್ಟು ಯುದ್ಧದಾಟ ಆಡುವ ಹುಚ್ಚು ಅವನಿಗಿತ್ತು. ನೆರೆಯ ಮಿನ್ನೆಸೋಟದ ಡೇವ್ ಆರ್ನೆಸನ್ ಎಂಬಾತ, ಸೈನ್ಯ ನಡೆಸುವುದನ್ನು ಬಿಟ್ಟು ಒಬ್ಬೊಬ್ಬ ಆಟಗಾರ ಒಬ್ಬೊಬ್ಬ ವೀರನಾಗಿ ಆಡುವ ಹೊಸ ಬಗೆಯೊಂದನ್ನು ಬಳಕೆಗೆ ತಂದಿದ್ದ. ಇಬ್ಬರೂ ಸೇರಿ ರೂಪಿಸಿದ ಆಟವನ್ನು ದೊಡ್ಡ ಕಂಪನಿಗಳು ಕೈಗೆತ್ತಿಕೊಳ್ಳಲಿಲ್ಲ. ಗೈಗ್ಯಾಕ್ಸ್ ತನ್ನ ಗೆಳೆಯನೊಡನೆ ಟಿ.ಎಸ್.ಆರ್. ಎಂಬ ಸಂಸ್ಥೆ ಕಟ್ಟಿ ೧೯೭೪ರಲ್ಲಿ ತಾನೇ ಅಚ್ಚು ಹಾಕಿಸಿದ. ಒಂದು ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕ, ಬೆಲೆ ಹತ್ತು ಡಾಲರು. ಮೊದಲ ಮುದ್ರಣ ಒಂದು ಸಾವಿರ ಪ್ರತಿ.

ಪ್ರತಿಗಳು ಖರ್ಚಾದವು, ತೊಂದರೆಯೂ ಆರಂಭವಾಯಿತು. ಕೊಂಡವರು ಆ ದೊಡ್ಡ ದೇಶದಲ್ಲಿ ಊರಿಗೊಬ್ಬರು, ಜಿಲ್ಲೆಗಿಬ್ಬರು ಎಂಬಂತೆ ಚದುರಿದ್ದರು. ಪುಸ್ತಕದ ನಿಯಮಗಳು ಅರ್ಧ ತಿಳಿಯುತ್ತಿದ್ದವು, ಅರ್ಧ ತಿಳಿಯುತ್ತಿರಲಿಲ್ಲ. ಕೇಳೋಣವೆಂದರೆ ಪಕ್ಕದಲ್ಲಿ ಬಲ್ಲವರಿಲ್ಲ. ಇದಕ್ಕಾಗಿ ೧೯೭೫ರ ವಸಂತದಲ್ಲಿ ಸಂಸ್ಥೆ ಕೆಲವೇ ಪುಟಗಳ ಪತ್ರಿಕೆಯೊಂದನ್ನು ಹೊರಡಿಸಿತು. ಹೆಸರು 'ದಿ ಸ್ಟ್ರಾಟೆಜಿಕ್ ರಿವ್ಯೂ'. ವಾಚಕರು ಗಮನಿಸಬೇಕು, ಅದೂ ಆಗ ನಮ್ಮದರಂತೆ ತ್ರೈಮಾಸಿಕ! ಏಳು ಸಂಚಿಕೆ ಬಂದ ಮೇಲೆ ಅದನ್ನು ನಿಲ್ಲಿಸಿ, ೧೯೭೬ರ ಜೂನ್‌ನಲ್ಲಿ ಟಿಮ್ ಕ್ಯಾಸ್ಕ್ ಎಂಬವರ ಸಂಪಾದಕತ್ವದಲ್ಲಿ 'ದಿ ಡ್ರ್ಯಾಗನ್' ಆರಂಭಿಸಿದರು. ಮೊದಲು ಎರಡು ತಿಂಗಳಿಗೊಂದು, ಮುಂದೆ ತಿಂಗಳಿಗೊಂದು.

ನಮ್ಮ ಕಟ್ಟಿನ ಹನ್ನೊಂದನ್ನು ಓದಿ ಮುಗಿಸಿದಾಗ ಹಸಿವು ಹೆಚ್ಚಿತು. ಪುಣೆಯಲ್ಲಿರುವ ನಮ್ಮ ಷಡ್ಡಕರು ಕಾಲೇಜಿನ ದಿನಗಳಲ್ಲಿ ಇದೇ ಆಟದ ಹುಚ್ಚು ಹತ್ತಿಸಿಕೊಂಡವರೆಂದು ಆಗ ತಿಳಿಯಿತು. ಮೊದಲ ೨೫೦ ಸಂಚಿಕೆಗಳನ್ನೂ ಹಿಂದಿನ ಏಳನ್ನೂ ೧೯೯೯ರಲ್ಲಿ ಐದು ಸಿ.ಡಿ.ಗಳಲ್ಲಿ ಹೊರತಂದಿದ್ದರು. ಷಡ್ಡಕರು ಅವನ್ನು ಜೋಪಾನ ಮಾಡಿದ್ದರು. ಸಂಕೋಚವಿಲ್ಲದೆ ಎರವಲು ತಂದೆವು. ಇನ್ನೂ ಹಿಂದಿರುಗಿಸಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಗುಮಾಸ್ತರಾದ ನಮಗೆ ಎಲ್ಲಕ್ಕಿಂತ ಹಿಡಿಸಿದ ಅಂಕಣ 'ಸೇಜ್ ಅಡ್ವೈಸ್', ಅಂದರೆ ಜ್ಞಾನಿಯ ಸಲಹೆ. ೧೯೭೯ರಲ್ಲಿ ಜೀನ್ ವೆಲ್ಸ್ ಎಂಬ ಮಹಿಳೆ ಇದನ್ನು ಆರಂಭಿಸಿದರು. ಮುಂದೆ ಸ್ಕಿಪ್ ವಿಲಿಯಮ್ಸ್ ಹಲವು ವರ್ಷ ನಡೆಸಿದರು. ನಿಯಮದ ಇಂಥ ವಾಕ್ಯಕ್ಕೆ ಅರ್ಥವೇನು, ಇಂಥ ಸಂದರ್ಭದಲ್ಲಿ ಯಾವ ನಿಯಮ ಅನ್ವಯಿಸುತ್ತದೆ ಎಂದು ಓದುಗರು ಕೇಳುವುದು, ಪತ್ರಿಕೆ ಉತ್ತರಿಸುವುದು, ಆ ಉತ್ತರದಿಂದ ಇನ್ನೆರಡು ಪ್ರಶ್ನೆ ಹುಟ್ಟುವುದು! ಸರಕಾರಿ ಕಚೇರಿಯಲ್ಲಿ ಸುತ್ತೋಲೆ ಬಂದು, ಅದಕ್ಕೆ ಸ್ಪಷ್ಟೀಕರಣ ಬಂದು, ಸ್ಪಷ್ಟೀಕರಣಕ್ಕೆ ಮತ್ತೊಂದು ಸ್ಪಷ್ಟೀಕರಣ ಬರುವುದನ್ನು ಕಂಡವರಿಗೆ ಇದು ತವರಿನಂತೆ ತೋರುತ್ತದೆ.

ಒಂದು ಉದಾಹರಣೆ ಕೊಡುತ್ತೇವೆ. ಹತ್ತು ಅಡಿ ಎತ್ತರದಿಂದ ಬಿದ್ದರೆ ಆರು ಮುಖದ ಒಂದು ದಾಳ ಹಾಕಿ ಬಿದ್ದ ಅಂಕದಷ್ಟು ಏಟು ಎಂಬುದು ನಿಯಮ. ಇಪ್ಪತ್ತು ಅಡಿಯಿಂದ ಬಿದ್ದರೆ ಎರಡು ದಾಳವೋ ಮೂರು ದಾಳವೋ? ೧೯೮೩ರಲ್ಲಿ ಇದರ ಮೇಲೆ ಚರ್ಚೆ ಎದ್ದಿತು. ೧೯೮೪ರಲ್ಲಿ ಗುರುತ್ವಾಕರ್ಷಣೆ, ವೇಗ, ಚಲನಶಕ್ತಿಗಳ ಲೆಕ್ಕ ಹಾಕಿ ಪರಸ್ಪರ ವಿರುದ್ಧವಾದ ಲೇಖನಗಳೇ ಅಚ್ಚಾದವು. ಬೆಂಕಿಯುಗುಳುವ ಸರ್ಪ ಹಾರುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಬಾವಿಗೆ ಬಿದ್ದವನಿಗೆ ಮಾತ್ರ ಭೌತಶಾಸ್ತ್ರದ ಪ್ರಕಾರವೇ ನೋವಾಗಬೇಕು!

ಧರ್ಮಾಧರ್ಮದ ಲೆಕ್ಕವೂ ಅಲ್ಲಿದೆ. ೧೯೭೬ರ ಫೆಬ್ರವರಿಯಲ್ಲಿ ಗೈಗ್ಯಾಕ್ಸ್ ಬರೆದ ಲೇಖನದ ಪ್ರಕಾರ ಪಾತ್ರಗಳ ಸ್ವಭಾವವನ್ನು ಎರಡು ಅಳತೆಗಳಲ್ಲಿ ನೋಡಬೇಕು. ಒಳ್ಳೆಯವನೋ ಕೆಟ್ಟವನೋ ಎಂಬುದು ಒಂದು. ಕಟ್ಟಳೆಗೆ ಒಳಪಟ್ಟವನೋ ಅಲ್ಲವೋ ಎಂಬುದು ಇನ್ನೊಂದು. ಕಟ್ಟಳೆ ಪಾಲಿಸುವವನೆಲ್ಲ ಒಳ್ಳೆಯವನಲ್ಲ, ಮುರಿದವನೆಲ್ಲ ಕೆಟ್ಟವನೂ ಅಲ್ಲ. ಇದನ್ನು ಓದಿ ನಾವು ಕಚೇರಿಯ ಕೆಲವರನ್ನು ಮನಸ್ಸಿನಲ್ಲೇ ಆಯಾ ಮನೆಯಲ್ಲಿ ಕೂರಿಸಿ ನೋಡಿದೆವು. ನಮ್ಮನ್ನೂ ಕೂರಿಸಿಕೊಂಡೆವು. ಫಲಿತಾಂಶವನ್ನು ಇಲ್ಲಿ ಹೇಳುವುದಿಲ್ಲ.

ಹಳೆಯ ಸಂಚಿಕೆಗಳಲ್ಲಿ ನಮ್ಮ ಪರಿಚಿತರೊಬ್ಬರೂ ಸಿಕ್ಕಿದರು. ೧೯೭೫ರ ಡಿಸೆಂಬರ್ ಸಂಚಿಕೆಯಲ್ಲಿ ಆಟದ ಹೊಸ ಶತ್ರುಗಳ ಸಾಲಿನಲ್ಲಿ 'ರಾಕ್ಷಸ' ಬಂದಿದ್ದಾನೆ. ನಮ್ಮ ಪುರಾಣದಿಂದ ನೇರವಾಗಿ ಹೋದವನಲ್ಲ. ಅಮೆರಿಕದ ಟೆಲಿವಿಷನ್‌ನಲ್ಲಿ ಬಂದ ಭಯಾನಕ ಧಾರಾವಾಹಿಯೊಂದರ ಕಂತಿನಿಂದ ಬಂದವನು. ಮಂತ್ರಿಸಿದ ಅಂಬು ತಗುಲಿದರೆ ಸಾಯುತ್ತಾನೆ. ೧೯೭೭ರಲ್ಲಿ ಬಂದ ಇದೇ ಆಟದ ಭೂತಪ್ರಾಣಿಗಳ ಪುಸ್ತಕದಲ್ಲಿ ಅವನ ಚಿತ್ರವಿದೆ. ಹುಲಿಯ ತಲೆ, ಮೈಮೇಲೆ ಶ್ರೀಮಂತರ ನಿಲುವಂಗಿ, ಕೈಯಲ್ಲಿ ಹೊಗೆಯ ಪೈಪು! ಯಕ್ಷಗಾನದ ಬಣ್ಣದ ವೇಷ ಕಂಡು ಹೆದರಿ ಅಮ್ಮನ ಸೆರಗಿನಲ್ಲಿ ಅಡಗಿದ ನಮಗೆ ಈ ಸಾಹೇಬ ರಾಕ್ಷಸನನ್ನು ಕಂಡು ನಗು ತಡೆಯಲಿಲ್ಲ. ಊರು ಬಿಟ್ಟು ದೂರ ಹೋದವರ ವೇಷ ಹೀಗೂ ಬದಲಾಗುತ್ತದೆ ಎಂದುಕೊಂಡೆವು.

ಆದರೆ ಈ ಪತ್ರಿಕೆಯ ಜೀವವಿದ್ದದ್ದು ಅದರ ಓದುಗರಲ್ಲಿ. ಓದುಗರೇ ಬರೆಯುತ್ತಿದ್ದರು. ಕೆನಡಾದ ಎಡ್ ಗ್ರೀನ್‌ವುಡ್ ಎಂಬ ಗ್ರಂಥಾಲಯದ ನೌಕರ ಬಾಲ್ಯದಿಂದಲೇ ಒಂದು ಕಲ್ಪನೆಯ ದೇಶವನ್ನು ಕಟ್ಟಿಕೊಂಡು ಬಂದಿದ್ದ. ೧೯೭೯ರಿಂದ ಅದರ ತುಣುಕುಗಳನ್ನು ಪತ್ರಿಕೆಗೆ ಕಳುಹಿಸತೊಡಗಿದ. ಆ ತುಣುಕುಗಳು ಎಷ್ಟು ಜನಪ್ರಿಯವಾದವೆಂದರೆ ೧೯೮೭ರಲ್ಲಿ ಸಂಸ್ಥೆ ಆ ದೇಶವನ್ನೇ 'ಫರ್ಗಾಟನ್ ರೆಲ್ಮ್ಸ್' ಎಂಬ ಹೆಸರಿನಲ್ಲಿ ಪ್ರಕಟಿಸಿತು. ಇಂದಿಗೂ ಆ ಆಟದ ಅತ್ಯಂತ ಪ್ರಸಿದ್ಧ ಲೋಕ ಅದೇ. ಅಂಚೆಯಲ್ಲಿ ಹೋದ ಒಂದು ಲಕೋಟೆಯಿಂದ ಒಂದು ಲೋಕವೇ ಬೆಳೆಯಿತು ಎಂದರೆ ತಪ್ಪಾಗಲಾರದು.

ಎಲ್ಲರ ಕಥೆಯೂ ಹೀಗೆ ಸುಖಾಂತವಲ್ಲ. ಪತ್ರಿಕೆಯ ಕೊನೆಯ ಪುಟಗಳಲ್ಲಿ 'ವರ್ಮಿ' ಎಂಬ ಚಿತ್ರಕಥೆ ಬರುತ್ತಿತ್ತು. ಚುಟ್ಟಾ ಸೇದುತ್ತ ಬಿಲಿಯರ್ಡ್ಸ್ ಆಡುವ ಒಂದು ಡ್ರ್ಯಾಗನ್ ಅದರ ನಾಯಕ. ಬರೆದವನು ಡೇವಿಡ್ ಟ್ರಾಂಪಿಯರ್. ಪೈಪು ಹಿಡಿದ ರಾಕ್ಷಸನ ಚಿತ್ರವೂ ಇವನದೇ. ೧೯೭೭ರಲ್ಲಿ ಆರಂಭವಾದ ವರ್ಮಿ ೧೯೮೮ರ ಏಪ್ರಿಲ್ ಸಂಚಿಕೆಯಲ್ಲಿ, ಕಥೆಯ ನಡುವೆಯೇ, ನಿಂತುಹೋಯಿತು. ಚಿತ್ರಕಾರ ಯಾರಿಗೂ ಹೇಳದೆ ಮರೆಯಾದ. ಕಳುಹಿಸಿದ ಚೆಕ್ಕುಗಳು ತೆರೆಯದೆ ಹಿಂದಿರುಗಿದವು ಎನ್ನುತ್ತಾರೆ. ಸತ್ತನೆಂದೇ ಹಲವರು ತಿಳಿದರು. ೨೦೦೨ರಲ್ಲಿ ಇಲಿನಾಯ್ ರಾಜ್ಯದ ಕಾರ್ಬಂಡೇಲ್ ಎಂಬ ಊರಿನ ವಿದ್ಯಾರ್ಥಿಗಳ ಪತ್ರಿಕೆಯೊಂದು ರಾತ್ರಿ ಪಾಳಿಯ ಟ್ಯಾಕ್ಸಿ ಚಾಲಕನೊಬ್ಬನ ಬಗ್ಗೆ ಲೇಖನ ಹಾಕಿತು. ಆ ಚಾಲಕನೇ ಟ್ರಾಂಪಿಯರ್! ಹಳೆಯ ಅಭಿಮಾನಿಗಳು ಹುಡುಕಿಕೊಂಡು ಹೋದರೂ ಅವನು ಚಿತ್ರದ ಮಾತೆತ್ತಲು ಒಪ್ಪಲಿಲ್ಲ. ಕೊನೆಗೆ ಅದೇ ಊರಿನ ಆಟದ ಮೇಳವೊಂದರಲ್ಲಿ ತನ್ನ ಹಳೆಯ ಚಿತ್ರಗಳನ್ನು ಇಡಲು ಒಪ್ಪಿದ. ಮೇಳಕ್ಕೆ ಕೆಲವೇ ವಾರ ಇರುವಾಗ, ೨೦೧೪ರ ಮಾರ್ಚ್‌ನಲ್ಲಿ, ತೀರಿಕೊಂಡ.

ಪತ್ರಿಕೆಯ ಕಷ್ಟಗಳನ್ನೂ ಹೇಳಿಬಿಡುತ್ತೇವೆ. ೧೯೮೦ರ ದಶಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂದು ಅಮೆರಿಕದಲ್ಲಿ ದೊಡ್ಡ ಗದ್ದಲವೆದ್ದಿತು. ನಮ್ಮ ಮನೆಯವರು ಕೇಳಿದ ಪ್ರಶ್ನೆಯೇ ಅದು. ೧೯೮೯ರಲ್ಲಿ ಆಟದ ಎರಡನೆಯ ಆವೃತ್ತಿ ಬಂದಾಗ ದೆವ್ವಪಿಶಾಚಿಗಳ ಹೆಸರುಗಳನ್ನೇ ಕೈಬಿಟ್ಟರು. ಮುಂದೆ ಸಂಸ್ಥೆ ಸಾಲದಲ್ಲಿ ಮುಳುಗಿತು. ಪತ್ರಿಕೆ ಕೆಲವು ತಿಂಗಳು ನಿಂತಿತು. ೧೯೯೭ರಲ್ಲಿ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿ ಸಂಸ್ಥೆಯನ್ನು ಕೊಂಡುಕೊಂಡಿತು. ೨೦೦೨ರಿಂದ ಪೈಝೋ ಎಂಬ ಪ್ರಕಾಶನ ಪತ್ರಿಕೆಯನ್ನು ನಡೆಸಿತು. ೨೦೦೭ರ ಸೆಪ್ಟೆಂಬರ್‌ನಲ್ಲಿ ೩೫೯ನೆಯ ಸಂಚಿಕೆಯೊಂದಿಗೆ ಅಚ್ಚಿನ 'ಡ್ರ್ಯಾಗನ್' ಮುಗಿಯಿತು. ಅಂತರ್ಜಾಲದಲ್ಲಿ ೨೦೧೩ರವರೆಗೆ ಉಸಿರಾಡಿ ಅಲ್ಲಿಯೂ ನಿಂತಿತು. ಆಟ ಮಾತ್ರ ಇಂದಿಗೂ ಜೋರಾಗಿ ನಡೆದಿದೆ.

ಇಷ್ಟೆಲ್ಲ ನಮ್ಮ ಸಂಘದ ಪತ್ರಿಕೆಯಲ್ಲಿ ಏಕೆ ಬರೆದೆವು ಎಂದು ವಾಚಕರು ಕೇಳಬಹುದು. ಕಾರಣ ನಮ್ಮ ಮನೆಯೊಳಗಿದೆ.

ನಮ್ಮ ಮಗಳಿಗೆ ಹತ್ತು ವರ್ಷ. ಹುಟ್ಟಿದ್ದು, ಬೆಳೆದದ್ದು ದಿಲ್ಲಿಯಲ್ಲಿ. ಕನ್ನಡದಲ್ಲಿ ಹೇಳಿದ್ದು ಅವಳಿಗೆ ತಿಳಿಯುತ್ತದೆ. ಉತ್ತರ ಹಿಂದಿಯಲ್ಲಿ ಬರುತ್ತದೆ. ಊರಿನಿಂದ ಅಜ್ಜಿ ಫೋನು ಮಾಡಿದರೆ, "ಊಟ ಆತನೆ?" ಎಂದು ಅವರು, "ಹಾಂ" ಎಂದು ಇವಳು. "ಸಾಲೆಗೆ ಹೋಗಿದ್ಯನೆ?" ಎಂದು ಅವರು, "ಹಾಂ" ಎಂದು ಇವಳು. ಮೂರನೆಯ ಪ್ರಶ್ನೆಗೆ ಫೋನು ನಮ್ಮ ಕೈಗೆ. ಬೈದು ನೋಡಿದೆವು, ಕಾಪಿ ಬರೆಸಿದೆವು, ಕನ್ನಡ ಕಥೆಪುಸ್ತಕ ತಂದುಕೊಟ್ಟೆವು. ಅಜ್ಜಿ ಮಾತ್ರ ಮೂರನೆಯ ಪ್ರಶ್ನೆಯನ್ನು ದಾಟಲಿಲ್ಲ.

ರದ್ದಿಯ ಕಟ್ಟಿನಲ್ಲಿ ಅವಳಿಗೆ ಹಿಡಿಸಿದ್ದು ವರ್ಮಿ. ಹನ್ನೊಂದರಲ್ಲಿ ಕೊನೆಯದು ೧೯೮೮ರ ಏಪ್ರಿಲ್ ಸಂಚಿಕೆಯೇ ಆಗಿತ್ತು. ಓದಿ ಮುಗಿಸಿ, "ಆಗೇ ಕ್ಯಾ ಹುವಾ, ಅಪ್ಪ?" ಎಂದಳು. ಮುಂದೇನೂ ಆಗಲಿಲ್ಲ, ಬರೆದವನು ಅಲ್ಲಿಗೇ ಬಿಟ್ಟ ಎಂದೆವು. ಅವಳ ಮುಖ ಸಣ್ಣದಾಯಿತು. "ಹಾಗಾದರೆ ನಾವೇ ಮುಂದುವರಿಸೋಣ" ಎಂಬ ಮಾತು ನಮ್ಮ ಬಾಯಿಂದ ಹೇಗೆ ಬಂದಿತೋ ತಿಳಿಯದು. "ಆದರೆ ಒಂದು ನಿಯಮ. ಈ ಡ್ರ್ಯಾಗನ್‌ಗೆ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯುವುದಿಲ್ಲ."

ಇಪ್ಪತ್ತು ಮುಖದ ದಾಳ ನಮ್ಮಲ್ಲಿರಲಿಲ್ಲ. ೧೯೭೯ರಲ್ಲಿ ದಾಳಗಳಿಗೆ ಅಭಾವವಾದಾಗ ಟಿ.ಎಸ್.ಆರ್. ಸಂಸ್ಥೆಯವರು ಪೆಟ್ಟಿಗೆಯಲ್ಲಿ ಅಂಕಿಯ ಚೀಟಿಗಳನ್ನಿಟ್ಟು ಮಾರಿದ್ದರಂತೆ. ನಾವೂ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಸ್ಟೀಲು ಲೋಟಕ್ಕೆ ಹಾಕಿದೆವು. ಮಗಳು ಕಳ್ಳಿಯಾದಳು. ಮನೆಯವರು ಮೊದಲು ಒಲ್ಲೆನೆಂದರು; ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತ ಕೇಳುತ್ತ ಮದ್ದು ಬಲ್ಲ ಮುದುಕಿಯಾಗಿ ಬಂದು ಕುಳಿತರು. ನಾವು ಭಾಗವತರು.

"ಎದುರಿಗೆ ಹೊಳೆ ತುಂಬಿ ಹರಿಯುತ್ತಿದೆ. ದಾಟಲು ಒಂದು ಸಂಕ ಮಾತ್ರ ಇದೆ."

"ಸಂಕ ಅಂದ್ರೆ?"

"ಅಡಿಕೆ ಮರ ಅಡ್ಡ ಹಾಕಿ ಮಾಡಿದ ಕಾಲುಸೇತುವೆ. ನಿನ್ನ ಅಜ್ಜನ ಮನೆಗೆ ಹೋಗುವಾಗ ದಾಟಿದ್ದೆಯಲ್ಲ, ಅಮ್ಮನ ಕೈ ಹಿಡಿದುಕೊಂಡು ಅತ್ತದ್ದು?"

"ಅತ್ತಿಲ್ಲ! ನಾನು ಸಂಕದ ಮೇಲೆ... ಮೇಲೆ..." ಪದ ಸಿಗದೆ ತಾಯಿಯ ಮುಖ ನೋಡಿದಳು.

"ತೆವಳಿಕೊಂಡು" ಎಂದಳು ಮದ್ದಿನ ಮುದುಕಿ.

"ಹಾಂ, ತೆವಳಿಕೊಂಡು ಹೋಗ್ತೇನೆ!"

ಚೀಟಿ ತೆಗೆದಳು. ನಾಲ್ಕು! ಕಳ್ಳಿ ಹೊಳೆಗೆ ಬಿದ್ದಳು. ಮುಂದಿನ ಭಾನುವಾರದವರೆಗೆ ನೀರಿನಲ್ಲಿಯೇ ಇರಬೇಕಾಯಿತು. ಆ ವಾರವೆಲ್ಲ ಶಾಲೆಯಿಂದ ಬಂದವಳು ನಮ್ಮನ್ನು ಕಾಡಿಸಿದಳು: "ಈಜಬಹುದಾ? ಬೇರು ಹಿಡ್ಕೊಳ್ಳಬಹುದಾ?"

ಎಲ್ಲ ಭಾನುವಾರವೂ ಹೀಗೆ ನಡೆಯುತ್ತದೆಂದು ಹೇಳಲಾರೆವು. ಆಟ ರಂಗೇರಿದಾಗ ಹಿಂದಿ ನುಗ್ಗುತ್ತದೆ. ಆಗ ಡ್ರ್ಯಾಗನ್ ಕಿವಿಯ ಮೇಲೆ ಕೈಯಿಟ್ಟು "ಏನಂದಿ?" ಎನ್ನುತ್ತದೆ. ಎರಡು ವಾರ ಪರೀಕ್ಷೆ ಬಂದು ಆಟವೇ ನಿಂತಿತ್ತು. ಅವಳ ಒತ್ತಕ್ಷರ ಇನ್ನೂ ತಿದ್ದಿಲ್ಲ. ಆದರೆ ಕಳೆದ ತಿಂಗಳು ಅಜ್ಜಿಯ ಫೋನು ಬಂದಾಗ ಅವಳು, "ಅಜ್ಜಿ, ನಾನು ಸಂಕದಿಂದ ಬಿದ್ದೆ ಗೊತ್ತುಂಟಾ?" ಎಂದು ಆರಂಭಿಸಿದಳು. ಆ ಕಡೆಯಿಂದ ಗಾಬರಿಯ ಕೂಗು. "ಅಲ್ಲ ಅಜ್ಜಿ, ಆಟದಲ್ಲಿ!" ಎಂದು ಇಡೀ ಕಥೆ ಹೇಳಿದಳು. ಅಜ್ಜಿಯ ಕಡೆಯಿಂದ ಪ್ರಶ್ನೆಯ ಮೇಲೆ ಪ್ರಶ್ನೆ. ಇಪ್ಪತ್ತು ನಿಮಿಷ ನಡೆಯಿತು. ಫೋನು ನಮ್ಮ ಕೈಗೆ ಬಂದಾಗ ನಮ್ಮ ತಾಯಿ ಕೇಳಿದ್ದು ಒಂದೇ ಮಾತು: "ಆ ಸರ್ಪ ಅದರ ಸಂಗಡ ಚಲೋ ಇದ್ದನಾ?"

ಅಮೆರಿಕದಲ್ಲಿ ಚದುರಿದ್ದ ಕೆಲವು ಆಟಗಾರರು ಒಂದು ಪತ್ರಿಕೆಯನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಚ್ಚಿನಲ್ಲಿ ಉಳಿಸಿಕೊಂಡರು. ಚಂದಾ ಕೊಟ್ಟದ್ದರಿಂದ ಮಾತ್ರವಲ್ಲ. ಪ್ರಶ್ನೆ ಕೇಳಿದರು, ಜಗಳ ತೆಗೆದರು, ತಮ್ಮ ಲೋಕದ ತುಣುಕುಗಳನ್ನು ಲಕೋಟೆಯಲ್ಲಿ ಹಾಕಿ ಕಳುಹಿಸಿದರು. ನಾವೂ ಚದುರಿದವರೇ. ನಮ್ಮ ತ್ರೈಮಾಸಿಕದ ಕಳೆದ ಸಂಚಿಕೆಗೆ ಬಂದ ವಾಚಕರ ಪತ್ರ ಒಂದೇ ಒಂದು, ಅದೂ ವಿಳಾಸ ಬದಲಾವಣೆಯದು ಎಂದು ಸಂಪಾದಕರು ಹೇಳಿದರು. ಸಂಘದ ಕಬ್ಬಿಣದ ಬೀರುವಿನಲ್ಲಿ ಹಳೆಯ ಸಂಚಿಕೆಗಳನ್ನು ಹುಡುಕಿ ನೋಡಿದೆವು. ನಡುನಡುವೆ ಎಷ್ಟೋ ಇಲ್ಲ, ಇದ್ದವಕ್ಕೆ ಗೆದ್ದಲು ಹಿಡಿಯತೊಡಗಿದೆ. ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಪ್ರತಿಗಳಿದ್ದರೆ ರದ್ದಿಯವನಿಗೆ ಹಾಕುವ ಮೊದಲು ದಯವಿಟ್ಟು ಸಂಘಕ್ಕೆ ತಿಳಿಸಿರಿ. ನಾವೇ ಬಂದು ಹೊತ್ತುಕೊಂಡು ಹೋಗುತ್ತೇವೆ.

ಹಾಗೆಯೇ ಸಂಪಾದಕರಿಗೆ ಒಂದು ಕಾರ್ಡು ಬರೆಯಿರಿ. ವಿಷಯ ಯಾವುದಾದರೂ ಆದೀತು. ನಿಮ್ಮ ಮನೆಯಲ್ಲಿ ಮಕ್ಕಳು ಕನ್ನಡ ಆಡಲು ನೀವೇನು ಉಪಾಯ ಮಾಡಿದಿರಿ ಎಂದಾದರೂ ಸರಿ. ಇಪ್ಪತ್ತು ಅಡಿ ಎತ್ತರದ ಸಂಕದಿಂದ ಬಿದ್ದವಳಿಗೆ ಎರಡು ದಾಳದ ಏಟೋ ಮೂರು ದಾಳದ ಏಟೋ ಎಂದಾದರೂ ಸರಿ. ಈ ಎರಡನೆಯದರ ತೀರ್ಮಾನ ನಮ್ಮ ಮನೆಯಲ್ಲಿ ಇನ್ನೂ ಆಗಿಲ್ಲ.